ಸೋತವರನ್ನು ಮನೆಗೆ ಕಳಿಸದ ಪಂದ್ಯ: ಚೆಸ್ ಟೂರ್ನಿ ನಡೆದು ಬಂದ ದಾರಿ

ನಾಲತವಾಡದಲ್ಲಿ ಒಂದು ದಿನದ ಚೆಸ್ ಟೂರ್ನಿ ಇಟ್ಟರು ಅಂತಿಟ್ಟುಕೊಳ್ಳಿ. ಊರಿನವರು, ನಾಗಬೇನಾಳ, ಅಯ್ಯನಗುಡಿ ಕಡೆಯವರು, ಮುದ್ದೇಬಿಹಾಳದವರು ಸೇರಿ 32 ಮಕ್ಕಳು ಬಂದರು. ಕಬಡ್ಡಿ, ವಾಲಿಬಾಲ್‌ಗೆ ಮಾಡುವ ಹಾಗೆ ಇದಕ್ಕೂ ನಾಕೌಟ್ ಮಾಡಿದರು. ಸೋತವರು ಹೊರಗೆ.

ಮೊದಲ ಸುತ್ತು ಮುಗಿಯಿತು. ಅರ್ಧ ಮಕ್ಕಳು, ಅಂದರೆ 16 ಜನ, ಹೊರಗೆ ಬಿದ್ದರು. ಮುಂಜಾನೆ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಬಂದ ಮಗು ಒಂದೇ ಆಟ ಆಡಿ, ಇಡೀ ದಿನ ಬೇರೆಯವರ ಆಟ ನೋಡುತ್ತ ಕೂರಬೇಕು. ಅಥವಾ ಮುಂದಿನ ಬಸ್ಸಿಗೆ ವಾಪಸ್ ಹೋಗಬೇಕು. ಆ ಮಗು ಮುಂದಿನ ವರ್ಷ ಬರುತ್ತದೆಯೇ?

ಇದು ನಮ್ಮೂರಿಗೆ ಮಾತ್ರ ಬಂದ ಪ್ರಶ್ನೆಯಲ್ಲ. ಚೆಸ್ ಟೂರ್ನಿ ಅನ್ನುವುದು ಹುಟ್ಟಿದ ಮೊದಲ ದಿನವೇ ಈ ಪ್ರಶ್ನೆ ಎದ್ದಿತ್ತು. ಅದಕ್ಕೆ ಉತ್ತರ ಸಿಗಲು 44 ವರ್ಷ ಬೇಕಾಯಿತು. ಆ ಕಥೆ ಗೊತ್ತಿದ್ದರೆ ನಮ್ಮೂರಿನ ಟೂರ್ನಿಯನ್ನು ನಾವೇ ಚಂದ ಮಾಡಿ ನಡೆಸಬಹುದು.

ಅರಮನೆಯ ಆಟ

ಚದುರಂಗ ನಮ್ಮ ನೆಲಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ರಾಜ್ಯಭಾರ, ಅಡುಗೆ, ಆನೆ ಪಳಗಿಸುವುದು, ಸಂಗೀತ, ಎಲ್ಲವೂ ಅದರಲ್ಲಿದೆ. ಅದರ ಐದನೇ ಭಾಗ ಆಟಗಳದ್ದು. ಚದುರಂಗ ಹೇಗೆ ಆಡಬೇಕು ಎಂಬುದೂ ಅಲ್ಲಿದೆ, ಪಗಡೆಯಂಥ ದಾಳದ ಆಟವೂ ಇದೆ.

ಆದರೆ ಅದು ಯಾರ ಆಟ? ರಾಜನ ಆಟ. ರಾಜ ಹೊತ್ತು ಕಳೆಯಲು ಏನೇನು ಮಾಡಬಹುದು ಎಂಬ ಪಟ್ಟಿಯಲ್ಲಿ ಚದುರಂಗವೂ ಒಂದು. ಅದೇ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ನಮ್ಮ ಬಾಗೇವಾಡಿಯ ಬಸವಣ್ಣ ಎಲ್ಲ ಕಾಯಕದವರನ್ನೂ ಒಂದೇ ಹಾಸಿನ ಮೇಲೆ ಕೂರಿಸುವ ಮಾತಾಡಿದರು. ಚದುರಂಗದ ಹಾಸು ಮಾತ್ರ ಮುಂದೆ ಎಷ್ಟೋ ಶತಮಾನ ಅರಮನೆಯಲ್ಲೇ ಹೆಚ್ಚು ಮೆರೆಯಿತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟಗಳ ದೊಡ್ಡ ಪ್ರೇಮಿ. 64 ಮನೆಗಳಲ್ಲಿ ಕುದುರೆ ಒಂದು ಮನೆಯನ್ನೂ ಬಿಡದೆ, ಒಂದು ಮನೆಗೂ ಎರಡು ಸಲ ಹೋಗದೆ ಸುತ್ತಿ ಬರುವ ಲೆಕ್ಕಗಳನ್ನು ಕಟ್ಟಿದರು. ಹೊಸ ಹೊಸ ಆಟದ ಹಾಸುಗಳನ್ನು ರೂಪಿಸಿದರು. 'ಶ್ರೀತತ್ತ್ವನಿಧಿ'ಯ ಒಂಬತ್ತನೇ ಭಾಗವಾದ 'ಕೌತುಕನಿಧಿ'ಯಲ್ಲಿ ಆಟಗಳಿಗೇ ಜಾಗ ಕೊಟ್ಟರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಹಾಸುಗಳ ಚಿತ್ರಗಳಿವೆ.

ಇಷ್ಟೆಲ್ಲ ಇದ್ದರೂ ಹಳ್ಳಿಯ ಆಟಗಾರನಿಗೆ ತಾನು ಎಷ್ಟು ಗಟ್ಟಿ ಎಂದು ತೋರಿಸಲು ದಾರಿ ಇರಲಿಲ್ಲ. ಕಟ್ಟೆಯ ಮೇಲೆ ಎಲ್ಲರನ್ನೂ ಸೋಲಿಸಿದರೂ ಹೆಸರು ಊರ ಗಡಿ ದಾಟುತ್ತಿರಲಿಲ್ಲ. ದಾಟಬೇಕಾದರೆ ಯಾವನೋ ದೊಡ್ಡವನ ಕಣ್ಣಿಗೆ ಬೀಳಬೇಕಿತ್ತು.

ದೊಡ್ಡವರ ಕಣ್ಣಿಗೆ ಬಿದ್ದವರು

ಹಾಗೆ ಕಣ್ಣಿಗೆ ಬಿದ್ದವರಲ್ಲಿ ಒಬ್ಬರು ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ. 1848ರ ಸುಮಾರಿಗೆ ಕಲಕತ್ತಾದ ಚೆಸ್ ಕ್ಲಬ್ಬಿನವರಿಗೆ ಒಂದು ಸುದ್ದಿ ಬಂತು. ಹಳ್ಳಿ ಕಡೆ ಒಬ್ಬ ಆಟಗಾರನಿದ್ದಾನೆ, ಅವನನ್ನು ಯಾರೂ ಸೋಲಿಸಿಲ್ಲ ಎಂದು. ಅವರನ್ನು ಪಟ್ಟಣಕ್ಕೆ ಕರೆತಂದರು. ಜಾನ್ ಕೊಕ್ರೇನ್ ಎಂಬ ಹೆಸರಾಂತ ಆಟಗಾರನ ಜೊತೆ ಅವರು ನೂರಾರು ಆಟ ಆಡಿದರು. ಇಂದು ಜಗತ್ತಿನ ಚೆಸ್ ಪುಸ್ತಕಗಳಲ್ಲಿ 'ಇಂಡಿಯನ್ ಡಿಫೆನ್ಸ್' ಎಂದು ಕರೆಯುವ ಆರಂಭಗಳಿಗೆ ಆ ಹೆಸರು ಬರಲು ಅವರ ಆಟಗಳೇ ಕಾರಣ.

ಇನ್ನೊಬ್ಬರು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಆಶ್ರಯದಲ್ಲಿದ್ದವರು. 1929ರಲ್ಲಿ ಆ ದೊರೆಯ ಜೊತೆ ಲಂಡನ್‌ಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ ಅವರನ್ನೂ ಒಮ್ಮೆ ಸೋಲಿಸಿದರು. 1933ರ ಕೊನೆಗೆ ದೊರೆ ಊರಿಗೆ ಹೊರಟರು, ಸುಲ್ತಾನ್ ಖಾನ್ ಕೂಡ ಹೊರಟರು. ಜಗತ್ತಿನ ದೊಡ್ಡ ಟೂರ್ನಿಗಳಲ್ಲಿ ಅವರು ಮತ್ತೆ ಕಾಣಲಿಲ್ಲ.

ಇಬ್ಬರ ಕಥೆಯೂ ಒಂದೇ ಮಾತು ಹೇಳುತ್ತದೆ. ಪ್ರತಿಭೆ ಹಳ್ಳಿಯಲ್ಲಿತ್ತು, ಬಾಗಿಲು ದೊಡ್ಡವರ ಕೈಯಲ್ಲಿತ್ತು. ಆ ಬಾಗಿಲಿನ ಕೀಲಿಯನ್ನು ಎಲ್ಲರ ಕೈಗೂ ಕೊಟ್ಟಿದ್ದು ಟೂರ್ನಿ. ಅದೂ ಎಲ್ಲ ಟೂರ್ನಿಯಲ್ಲ. ಸರಿಯಾಗಿ ಜೋಡಿ ಹಾಕಿದ ಟೂರ್ನಿ ಮಾತ್ರ.

ಲಂಡನ್‌ನಲ್ಲಿ ಆದ ಎಡವಟ್ಟು

ಮೊದಲ ಅಂತರರಾಷ್ಟ್ರೀಯ ಚೆಸ್ ಟೂರ್ನಿ ನಡೆದಿದ್ದು 1851ರಲ್ಲಿ, ಲಂಡನ್‌ನಲ್ಲಿ. ನಡೆಸಿದವರು ಹೊವಾರ್ಡ್ ಸ್ಟಾಂಟನ್. 16 ಆಟಗಾರರು. ನಾಕೌಟ್ ಪದ್ಧತಿ. ಮೊದಲ ಸುತ್ತಿಗೆ ಯಾರಿಗೆ ಯಾರು ಎಂದು ಚೀಟಿ ಎತ್ತಿದರು.

ಚೀಟಿಯಲ್ಲಿ ಜರ್ಮನಿಯ ಆಂಡರ್ಸನ್‌ಗೆ ಪ್ಯಾರಿಸ್‌ನ ಕೀಸೆರಿಟ್ಸ್ಕಿ ಬಂದರು. ಇಬ್ಬರೂ ಆ ಕಾಲದ ಭಾರಿ ಆಟಗಾರರು. ಒಬ್ಬರು ಮೊದಲ ಸುತ್ತಿಗೇ ಹೊರಗೆ ಹೋಗಲೇಬೇಕಿತ್ತು. ಕೀಸೆರಿಟ್ಸ್ಕಿ ಹೋದರು. ಆಂಡರ್ಸನ್ ಕೊನೆಗೆ ಟೂರ್ನಿಯನ್ನೇ ಗೆದ್ದರು. ಗೆದ್ದವರು ಯಾರು ಎಂಬುದು ಸರಿಯಾಗಿಯೇ ತಿಳಿಯಿತು. ಆದರೆ ಎರಡನೆಯವರು ಯಾರು, ಐದನೆಯವರು ಯಾರು ಎಂಬುದು ಆಟಕ್ಕಿಂತ ಹೆಚ್ಚಾಗಿ ಚೀಟಿಯ ಕೈಯಲ್ಲಿತ್ತು.

ಇನ್ನೊಂದು ತೊಂದರೆ ಹೊತ್ತಿನದು. ಅಂದು ಗಡಿಯಾರವಿರಲಿಲ್ಲ. ಸೋಲುವ ಸ್ಥಿತಿಗೆ ಬಂದವರು ಒಂದು ನಡೆಗೆ ಎಷ್ಟು ಬೇಕಾದರೂ ಯೋಚನೆ ಮಾಡುತ್ತ ಕೂರಬಹುದಿತ್ತು. ಎದುರಿನವರು ಬೇಸತ್ತು ತಪ್ಪು ಮಾಡಿದರೆ ಲಾಭ. ಸ್ಟಾಂಟನ್ ಇದರ ಬಗ್ಗೆ ಸಾಕಷ್ಟು ಗೊಣಗಿದರು. ಆಮೇಲೆ ಮರಳು ಗಡಿಯಾರ ಬಂತು. 1883ರ ಲಂಡನ್ ಟೂರ್ನಿಯಲ್ಲಿ ಜೋಡಿ ಗಡಿಯಾರ ಬಂತು. ಒಬ್ಬರದು ನಿಂತರೆ ಇನ್ನೊಬ್ಬರದು ಓಡುತ್ತದೆ. ಇವತ್ತಿನ ಚೆಸ್ ಗಡಿಯಾರದ ಕೆಲಸವೂ ಅಷ್ಟೇ.

1862ರಲ್ಲಿ ಲಂಡನ್‌ನಲ್ಲೇ ಬೇರೆ ದಾರಿ ಹಿಡಿದರು. 14 ಆಟಗಾರರು, ಎಲ್ಲರಿಗೂ ಎಲ್ಲರ ಜೊತೆ ಆಟ. ನಾವು ಲೀಗ್ ಎನ್ನುತ್ತೇವಲ್ಲ, ಅದು. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ 14 ಜನಕ್ಕೇ 91 ಜೋಡಿ. ಅದರ ಮೇಲೆ ಡ್ರಾ ಆದರೆ ಮತ್ತೆ ಆಡಬೇಕಿತ್ತು. ಐದು ವರ್ಷದ ಮೇಲೆ, 1867ರಲ್ಲಿ, ಸ್ಕಾಟ್ಲೆಂಡಿನ ಡಂಡಿ ಊರಿನ ಟೂರ್ನಿಯಲ್ಲಿ ಡ್ರಾಗೆ ಅರ್ಧ ಅಂಕ ಕೊಟ್ಟು ಆ ತಾಪತ್ರಯ ಮುಗಿಸಿದರು.

ಆದರೂ 30–40 ಜನ ಬಂದರೆ ಲೀಗ್ ಆಗದ ಮಾತು. ನಾಕೌಟ್ ಮಾಡಿದರೆ ಅನ್ಯಾಯ, ಲೀಗ್ ಮಾಡಿದರೆ ತಿಂಗಳು.

ಸ್ವಿಟ್ಜರ್‌ಲೆಂಡಿನ ಲೆಕ್ಕ

1895ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ನಡೆದ ಟೂರ್ನಿಯಲ್ಲಿ ಮೂರನೇ ದಾರಿ ಕಂಡಿತು. ಅದನ್ನು ತೋರಿಸಿದವರು ಬ್ರುಗ್ ಎಂಬ ಸಣ್ಣ ಊರಿನ ಜೂಲಿಯಸ್ ಮ್ಯುಲರ್ ಎಂಬ ಶಿಕ್ಷಕರು. ಆ ದೇಶದ ಹೆಸರಿನಿಂದಲೇ ಅದಕ್ಕೆ 'ಸ್ವಿಸ್ ಪದ್ಧತಿ' ಎಂದು ಹೆಸರು.

ನಿಯಮ ಬಹಳ ಸರಳ. ಸೋತವರು ಹೊರಗೆ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಎಲ್ಲರೂ ಆಡುತ್ತಾರೆ. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಎದುರಾಳಿ. ಅಂದರೆ ಒಂದೇ ಅಂಕ ಇದ್ದವರ ನಡುವೆ ಜೋಡಿ. ಒಮ್ಮೆ ಆಡಿದ ಇಬ್ಬರು ಮತ್ತೆ ಎದುರಾಗಬಾರದು. ಬಿಳಿ ಮತ್ತು ಕಪ್ಪು ಕಾಯಿ ಸಾಧ್ಯವಾದಷ್ಟು ಸರದಿಯ ಮೇಲೆ ಬರಬೇಕು.

ಈಗ ನಮ್ಮ 32 ಮಕ್ಕಳಿಗೆ ಲೆಕ್ಕ ಹಾಕಿ ನೋಡೋಣ. ಡ್ರಾ ಆಗಲಿಲ್ಲ ಅಂತಿಟ್ಟುಕೊಳ್ಳಿ.

ನಾಕೌಟ್‌ಗೆ 5 ಸುತ್ತು ಬೇಕು: 32, 16, 8, 4, 2. ಒಟ್ಟು 31 ಆಟ. ದಿನದ ಕೊನೆಗೆ ಒಂದೂ ಆಟ ಗೆಲ್ಲದೆ ಮನೆಗೆ ಹೋದವರು 16 ಮಕ್ಕಳು.

ಲೀಗ್ ಮಾಡಿದರೆ 31 ಸುತ್ತು, 496 ಆಟ. ಒಂದು ದಿನದ ಕೆಲಸವಲ್ಲ.

ಸ್ವಿಸ್‌ಗೂ ಅದೇ 5 ಸುತ್ತು ಸಾಕು. ಮೊದಲ ಸುತ್ತಿನ ಮೇಲೆ 16 ಮಕ್ಕಳಿಗೆ 1 ಅಂಕ. ಎರಡನೇ ಸುತ್ತಿನ ಮೇಲೆ 8 ಮಕ್ಕಳಿಗೆ 2. ಮೂರರ ಮೇಲೆ 4 ಮಕ್ಕಳಿಗೆ 3. ನಾಲ್ಕರ ಮೇಲೆ ಇಬ್ಬರಿಗೆ 4. ಐದನೇ ಸುತ್ತಿನಲ್ಲಿ ಆ ಇಬ್ಬರೂ ಎದುರಾಗುತ್ತಾರೆ, ಒಬ್ಬರಿಗೆ 5. ಚಾಂಪಿಯನ್ ಸಿಕ್ಕಿದರು.

ಉಳಿದವರು? 5 ಮಕ್ಕಳಿಗೆ 4 ಅಂಕ, 10 ಮಕ್ಕಳಿಗೆ 3, ಇನ್ನು 10 ಮಕ್ಕಳಿಗೆ 2, 5 ಮಕ್ಕಳಿಗೆ 1. ಒಂದೂ ಗೆಲ್ಲದೆ ಮನೆಗೆ ಹೋಗುವವರು ಒಬ್ಬರು ಮಾತ್ರ.

ಸುತ್ತು ಅಷ್ಟೇ, ಹೊತ್ತೂ ಅಷ್ಟೇ. ಆದರೆ 31ರ ಬದಲು 80 ಆಟ ನಡೆಯುತ್ತವೆ. ಸೊನ್ನೆಯೊಂದಿಗೆ ಮನೆಗೆ ಹೋಗುವವರು 16ರಿಂದ 1ಕ್ಕೆ ಇಳಿಯುತ್ತಾರೆ. ಮೊದಲ ಆಟದಲ್ಲಿ ಸೋತ ಮಗು ಉಳಿದ ನಾಲ್ಕನ್ನೂ ಗೆದ್ದು ಬಹುಮಾನದ ಸಾಲಿಗೆ ಬರಬಹುದು.

ಅಂಕ ಸಮ ಆದರೆ ಏನು ಮಾಡುವುದು? ಅದಕ್ಕೂ ದಾರಿ ಇದೆ. ಜರ್ಮನಿಯ ಬ್ರೂನೋ ಬುಖೋಲ್ಟ್ಸ್ 1932ರಲ್ಲಿ ಕೊಟ್ಟ ಲೆಕ್ಕ. ನೀವು ಆಡಿದ ಎದುರಾಳಿಗಳೆಲ್ಲ ಕೊನೆಗೆ ಗಳಿಸಿದ ಅಂಕಗಳನ್ನು ಕೂಡಿಸಿ. ಯಾರ ಮೊತ್ತ ಹೆಚ್ಚೋ ಅವರು ಮೇಲೆ. ಗಟ್ಟಿ ಎದುರಾಳಿಗಳ ಜೊತೆ ಆಡಿ 4 ಅಂಕ ತಂದವರಿಗೆ ಅದರ ಬೆಲೆ ಸಿಗುತ್ತದೆ.

ಕೃಷ್ಣೆಯ ಮೇಲಿನ ಊರು

ಇದೆಲ್ಲ ದೂರದ ಮಾತು ಎನ್ನಬೇಡಿ. ನಮ್ಮ ಬಸವಸಾಗರಕ್ಕೆ ಬರುವ ನೀರು ಸಾಂಗ್ಲಿಯನ್ನು ದಾಟಿಯೇ ಬರುತ್ತದೆ. ಆ ಸಾಂಗ್ಲಿಯಲ್ಲಿ ಭಾವುಸಾಹೇಬ ಪಡಸಲಗಿಕರ 1941ರಲ್ಲಿ 'ನೂತನ ಬುದ್ಧಿಬಳ ಮಂಡಳ' ಕಟ್ಟಿದರು. ಬುದ್ಧಿಬಳ ಎಂದರೆ ಚೆಸ್. ನಮ್ಮ ಕಡೆಯ ಹಿರಿಯರಿಗೂ ಆ ಪದ ಗೊತ್ತು. ಆಗ ನಮ್ಮ ವಿಜಾಪುರ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು.

ಪಡಸಲಗಿಕರ ಎಂಬ ಅಡ್ಡಹೆಸರಿನ ಒಳಗೇ ಪಡಸಲಗಿ ಇದೆ. ಹಿರೇಪಡಸಲಗಿ, ಚಿಕ್ಕಪಡಸಲಗಿ ಎಂಬ ಊರುಗಳು ಜಮಖಂಡಿ ತಾಲ್ಲೂಕಿನಲ್ಲಿವೆ. ಕೃಷ್ಣಾ ನದಿಗೆ ರೈತರೇ ಹಣ ಹಾಕಿ, ಮೈಮುರಿದು ಬ್ಯಾರೇಜ್ ಕಟ್ಟಿಕೊಂಡ ಚಿಕ್ಕಪಡಸಲಗಿಯ ಹೆಸರು ನೀವು ಕೇಳಿರುತ್ತೀರಿ.

ಸಾಂಗ್ಲಿಯವರು ಮಾಡಿದ್ದೇನು? ಒಂದು ವರ್ಷ ದೊಡ್ಡ ಟೂರ್ನಿ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಬೇಸಿಗೆ ರಜೆ ಬಂದರೆ ಟೂರ್ನಿ ಎಂಬುದನ್ನು ರೂಢಿ ಮಾಡಿದರು. ದಶಕಗಳ ಕಾಲ ದೇಶದ ಬೇರೆ ಬೇರೆ ಕಡೆಯ ಮಕ್ಕಳು ಆ ಊರಿಗೆ ಬಂದು ಆಡಿದರು. ಅದೇ ಸಾಂಗ್ಲಿಯ ಭಾಗ್ಯಶ್ರೀ ಸಾಠೆ (ಮುಂದೆ ಠಿಪ್ಸೆ) ಐದು ಸಲ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದರು, 1991ರಲ್ಲಿ ಏಷ್ಯಾ ಮಹಿಳಾ ಪ್ರಶಸ್ತಿ ಗೆದ್ದರು. ಸ್ವಾತಿ ಘಾಟೆ ಕೂಡ ಸಾಂಗ್ಲಿಯವರೇ. ಮುಂಬೈ ಅಲ್ಲ, ಪುಣೆ ಅಲ್ಲ, ಅರಿಶಿನದ ಪೇಟೆಗೆ ಹೆಸರಾದ ಒಂದು ಜಿಲ್ಲಾ ಊರು.

ಚೆನ್ನೈಯ ಕಥೆಯೂ ಅದೇ. ಅಲ್ಲಿ ಮ್ಯಾನುಯೆಲ್ ಆರನ್ ಮುಂತಾದವರು 1972ರಲ್ಲಿ 'ತಾಲ್ ಚೆಸ್ ಕ್ಲಬ್' ಶುರು ಮಾಡಿದರು. ಅಲ್ಲಿ ಆಡಿ ಬೆಳೆದ ಹುಡುಗ ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜಕುಮಾರ್. ನಡುವೆ 29 ವರ್ಷ. ನಮ್ಮ ಮಕ್ಕಳಿಗೆ ಬುದ್ಧಿ ಕಡಿಮೆ ಇತ್ತೇ? ಇಲ್ಲ. ಮತ್ತೆ ಮತ್ತೆ ಆಡುವ ಅವಕಾಶ ಕಡಿಮೆ ಇತ್ತು.

ಹೆಣ್ಣುಮಕ್ಕಳ ಬೋರ್ಡು ಎಲ್ಲಿ?

ಮಹಿಳೆಯರ ಮೊದಲ ರಾಷ್ಟ್ರೀಯ ಚೆಸ್ ಚಾಂಪಿಯನ್‌ಷಿಪ್ 1974ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಗೆದ್ದವರು ವಾಸಂತಿ ಖಾಡಿಲ್ಕರ್. ಅವರ ತಂಗಿ ರೋಹಿಣಿ 1976ರಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೇ ಇಳಿದರು. ಆಗ ಅವರಿಗೆ 13 ವರ್ಷ. ಗದ್ದಲ ಎದ್ದಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ವಿಶ್ವ ಚೆಸ್ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಯೂವೆ, ಹೆಣ್ಣು ಎಂಬ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ತೀರ್ಪು ಕೊಟ್ಟರು. ರೋಹಿಣಿ 1981ರಲ್ಲಿ ಏಷ್ಯಾ ಮಹಿಳಾ ಚಾಂಪಿಯನ್ ಆದರು.

ಊರಿನ ಟೂರ್ನಿಗೂ ಇದು ಪಾಠ. ಹುಡುಗಿಯರಿಗೆ ಬೇರೆ ಬಹುಮಾನ ಇಡಿ, ಒಳ್ಳೆಯದೇ. ಆದರೆ ನಾಲ್ಕೇ ಹುಡುಗಿಯರು ಬಂದರೆಂದು ಅವರನ್ನು ಬೇರೆ ಮೂಲೆಯಲ್ಲಿ ಕೂರಿಸಿ ಎರಡು ಆಟಕ್ಕೆ ಮುಗಿಸಬೇಡಿ. ಎಲ್ಲರ ಜೊತೆ ಅದೇ ಐದು ಸುತ್ತು ಅವರೂ ಆಡಲಿ.

ನಾಲತವಾಡದಲ್ಲಿ ಒಂದು ದಿನ

ಹಾಗಾದರೆ ನಮ್ಮೂರಲ್ಲಿ ಮಾಡಲು ಏನು ಬೇಕು? ಶಾಲೆಯ ಎರಡು ಕೋಣೆ, 16 ಬೋರ್ಡು, ಒಬ್ಬ ಗಟ್ಟಿ ನಿರ್ಣಾಯಕ. ಆಡುವ ಮಕ್ಕಳ ಅಪ್ಪ ಅಥವಾ ಮಾಮ ನಿರ್ಣಾಯಕ ಆಗದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೊದಲ ಕೆಲಸ, ನಿಯಮ ಬರೆದು ಗೋಡೆಗೆ ಅಂಟಿಸುವುದು. ಹಳೆಯ ದೇಸಿ ಚದುರಂಗದಲ್ಲಿ ಕಾಲಾಳು ಮೊದಲ ನಡೆಗೂ ಒಂದೇ ಮನೆ ಹೋಗುತ್ತಿತ್ತು. ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದಿತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು, ರಾಜನಿಗೆ ಆನೆಯ ಜೊತೆ ಕ್ಯಾಸ್ಲಿಂಗ್ ಇದೆ. ಸುಲ್ತಾನ್ ಖಾನ್ ಕೂಡ ದೇಸಿ ನಿಯಮದಲ್ಲಿ ಬೆಳೆದು ಆಮೇಲೆ ಹೊಸದನ್ನು ಕಲಿತವರು. ಅಜ್ಜನಿಂದ ಕಲಿತ ಮಗು, ಮೊಬೈಲ್‌ನಲ್ಲಿ ಕಲಿತ ಮಗು ಇಬ್ಬರೂ ಬರುತ್ತಾರೆ. ಆಟ ಶುರುವಾಗುವ ಮೊದಲೇ ಹೇಳಿಬಿಟ್ಟರೆ ನಡುವೆ ತಕರಾರು ಬರುವುದಿಲ್ಲ.

ಎರಡನೆಯದು ಹೊತ್ತು. ಒಬ್ಬರಿಗೆ 20 ನಿಮಿಷ ಎಂದರೆ ಒಂದು ಸುತ್ತಿಗೆ 40 ನಿಮಿಷ. ಫಲಿತಾಂಶ ಬರೆದು ಹೊಸ ಜೋಡಿ ಹಾಕಲು 15 ನಿಮಿಷ. ಐದು ಸುತ್ತಿಗೆ ನಾಲ್ಕೂವರೆ ತಾಸಿಗೆ ಸ್ವಲ್ಪ ಹೆಚ್ಚು. ಊಟಕ್ಕೆ ಮುಕ್ಕಾಲು ತಾಸು. ಮುಂಜಾನೆ ಒಂಬತ್ತೂವರೆಗೆ ಶುರುವಾದರೆ ಮಧ್ಯಾಹ್ನ ಮೂರರ ಒಳಗೆ ಆಟ ಮುಗಿಯುತ್ತದೆ. ಬಹುಮಾನ ಹಂಚಿ, ಹಳ್ಳಿಯ ಮಕ್ಕಳನ್ನು ಬೆಳಕಿರುವಾಗಲೇ ಬಸ್ಸಿಗೆ ಹತ್ತಿಸಬಹುದು. ಗಡಿಯಾರ ಇಲ್ಲದಿದ್ದರೆ ಮೊಬೈಲ್‌ನ ಚೆಸ್ ಗಡಿಯಾರ ನಡೆಯುತ್ತದೆ. ಆದರೆ ಆ ಮೊಬೈಲ್ ಸಂಘಟಕರದ್ದಿರಲಿ. ಆಟಗಾರರ ಮೊಬೈಲ್ ಬಾಗಿಲಲ್ಲೇ ಇಸಿದುಕೊಳ್ಳಿ.

ಮೂರನೆಯದು ಜೋಡಿ. 'ಸ್ವಿಸ್ ಮ್ಯಾನೇಜರ್' ಎಂಬ ಕಂಪ್ಯೂಟರ್ ಪ್ರೋಗ್ರಾಂ ಇದನ್ನು ತಾನೇ ಮಾಡುತ್ತದೆ. ಅದಿಲ್ಲದಿದ್ದರೂ ನಡೆಯುತ್ತದೆ. ಪ್ರತಿ ಮಗುವಿಗೆ ಒಂದು ರಟ್ಟಿನ ಕಾರ್ಡ್ ಮಾಡಿ. ಅದರಲ್ಲಿ ನಂಬರ್, ಯಾರ ಜೊತೆ ಆಡಿದ್ದು, ಯಾವ ಬಣ್ಣ, ಎಷ್ಟು ಅಂಕ ಎಂದು ಬರೆಯಿರಿ. ಪ್ರತಿ ಸುತ್ತಾದ ಮೇಲೆ ಕಾರ್ಡ್‌ಗಳನ್ನು ಅಂಕದ ಪ್ರಕಾರ ಗುಂಪು ಮಾಡಿ, ಗುಂಪಿನೊಳಗೆ ಮೇಲಿನ ಅರ್ಧಕ್ಕೆ ಕೆಳಗಿನ ಅರ್ಧ ಜೋಡಿಸಿ. ಸಂಖ್ಯೆ ಬೆಸ ಆದರೆ ಕಡಿಮೆ ಅಂಕ ಇದ್ದವರಲ್ಲಿ ಒಬ್ಬರಿಗೆ ಆ ಸುತ್ತಿಗೆ 'ಬೈ', ಅಂದರೆ ಆಡದೆಯೇ 1 ಅಂಕ. ಒಬ್ಬರಿಗೇ ಎರಡು ಸಲ ಕೊಡಬಾರದು. ಆಟ ಮುಗಿದ ಕೂಡಲೇ ಫಲಿತಾಂಶದ ಚೀಟಿಗೆ ಇಬ್ಬರೂ ಸಹಿ ಹಾಕಬೇಕು.

ಜೋಡಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಿ. ಇದು ಸಣ್ಣ ಮಾತಲ್ಲ. ಯಾರ ಮಗ, ಯಾವ ಓಣಿ, ಯಾರ ಪೈಕಿ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅಂಕ ಮಾತ್ರ ಇರುತ್ತದೆ. ದೊಡ್ಡವರ ಕಣ್ಣಿಗೆ ಬೀಳುವ ಅದೃಷ್ಟಕ್ಕೆ ಕಾಯದೆ, ಒಂದು ಮಗು ತನ್ನ ಹೆಸರನ್ನು ಮೇಲಿನ ಸಾಲಿಗೆ ತಾನೇ ತಂದುಕೊಳ್ಳುವುದು ಅಲ್ಲಿ.

ಬಹುಮಾನದ ಹಣ ಸ್ವಲ್ಪವೇ ಇದ್ದರೆ ಎಲ್ಲವನ್ನೂ ಮೊದಲನೆಯವರಿಗೆ ಸುರಿಯಬೇಡಿ. ಅದರಲ್ಲೇ ನಾಲ್ಕು ಹೊಸ ಬೋರ್ಡು ತಂದು ಶಾಲೆಗೆ ಕೊಡಿ. ಬರುವ ವರ್ಷದ ತಾರೀಕನ್ನು ಅದೇ ಸಂಜೆ, ಮಕ್ಕಳು ಬಸ್ಸು ಹತ್ತುವ ಮೊದಲೇ ಹೇಳಿಬಿಡಿ. ಸಾಂಗ್ಲಿಯವರ ಗುಟ್ಟು ಅದರಲ್ಲೇ ಇತ್ತು.